ಮೂರು ಪೊಟ್ಟಣ ಮರಳು

ಕಳೆದ ಮೇ ತಿಂಗಳಲ್ಲಿ ತಂಗಿಯ ಮೊಮ್ಮಗಳನ್ನು ಕಾಪುವಿನ ಕಡಲ ತೀರಕ್ಕೆ ಕರೆದುಕೊಂಡು ಹೋಗಿದ್ದೆ. ಮಳೆಗಾಲ ಹತ್ತಿರವಾದಾಗ ನಮ್ಮ ಕಡಲು ಒಂದಷ್ಟು ಡಾಂಬರಿನ ಉಂಡೆಗಳನ್ನು ತಂದು ದಡಕ್ಕೆ ಹಾಕುವುದುಂಟು. ದೂರದಲ್ಲಿ ಹಡಗುಗಳು ಚೆಲ್ಲಿದ್ದು ಎನ್ನುತ್ತಾರೆ. ಹುಡುಗಿ ಕುಂಟುತ್ತಾ ಬಂದು ಕಾಲು ಎತ್ತಿ ತೋರಿಸಿದಳು. ಹಿಮ್ಮಡಿಗೆ ಕರ್ರಗೆ ಮೆತ್ತಿಕೊಂಡಿತ್ತು. ಮನೆಗೆ ಬಂದು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿ, ತೆಂಗಿನೆಣ್ಣೆ ಹಚ್ಚಿ, ಹಳೆ ಬಟ್ಟೆಯಿಂದ ಉಜ್ಜತೊಡಗಿದೆ. ಬಿಸಿಲಿಗೆ ಕರಗುತ್ತಿದ್ದ ಡಾಂಬರಿನ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಹೋಯಿತು. “ಉಜ್ಜಿ ಅಜ್ಜ” ಎಂದಳು. ಉಜ್ಜಿದೆ. ಆದರೆ ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಬಹರೈನಿನಲ್ಲಿ, ಸೆಗಯಾದ ಒಂದು ಅಡುಗೆಮನೆಯಲ್ಲಿ, ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಸಿತ್ರಾದಲ್ಲಿ ಕಡಲ ನೀರನ್ನು ಸಿಹಿ ಮಾಡುವ ಒಂದು ಸ್ಥಾವರದಲ್ಲಿ ನಾನು ಪಂಪ್ ಫಿಟ್ಟರ್. ವಾಸ ಕಂಪೆನಿಯ ಕ್ಯಾಂಪಿನಲ್ಲಿ, ಒಂದು ಕೋಣೆಗೆ ಆರು ಜನ. ಮದುವೆಯಾಗಿ ಏಳು ವರ್ಷವಾಗಿತ್ತು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಹಾಗೆ ನೋಡಿದರೆ ಗಿರಿಜೆಯೂ ನಾನೂ ಗಂಡ ಹೆಂಡತಿಯಾಗಿ ಒಂದೇ ಮಾಡಿನ ಕೆಳಗೆ ಇದ್ದದ್ದು ಒಂದು ವರ್ಷವೂ ಇಲ್ಲ. ಆ ದಿನಗಳಲ್ಲೂ ಅಮ್ಮ, ತಂಗಿಯಂದಿರು, ಬಂದು ಹೋಗುವ ನೆಂಟರು. ನಾವಿಬ್ಬರೇ ಕೂತು ಒಂದು ಲೋಟ ಚಾ ಕುಡಿದದ್ದು ನನಗೆ ನೆನಪಿಲ್ಲ.

ಹೀಗಿರುವಾಗ ನಮ್ಮ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮೂರ ಕಡೆಯವರೊಬ್ಬರು, ಲೀಲಕ್ಕನ ಗಂಡ, ಸೆಗಯಾದಲ್ಲಿದ್ದ ತಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ಒಂದನ್ನು ಒಂದು ತಿಂಗಳ ಮಟ್ಟಿಗೆ ಬಿಟ್ಟುಕೊಡುವುದಾಗಿ ಹೇಳಿದರು. “ಹೆಂಡತಿಯನ್ನು ಒಮ್ಮೆ ಕರೆಸಿಕೊಳ್ಳಿ ಮಾರಾಯ್ರೆ, ಲೀಲಳಿಗೂ ಮಾತಾಡ್ಲಿಕ್ಕೆ ಜನ ಆಯ್ತು” ಎಂದರು. ಏಪ್ರಿಲ್ ತಿಂಗಳಿಗೆ ವಿಸಿಟ್ ವೀಸಾ ಆಗುವುದೆಂದು ತಿಳಿದಾಗ ನಾನು ಗಿರಿಜೆಗೆ ಬರೆದೆ: ಇಲ್ಲಿ ನೋಡಲಿಕ್ಕೆ ದೊಡ್ಡದೇನೂ ಇಲ್ಲ. ಸುತ್ತಲೂ ಕಡಲು. ಶುಕ್ರವಾರ ನನಗೆ ರಜೆ, ನಾಲ್ಕು ಶುಕ್ರವಾರಗಳಲ್ಲಿ ಎಲ್ಲೆಲ್ಲಿ ಹೋಗುವ, ನೀನೇ ಹೇಳು.

ಅವಳ ಉತ್ತರ ಬಂತು. ಹೆಜಮಾಡಿಯ ಕಡಲ ಬದಿಯ ಮನೆಯಲ್ಲಿ ಹುಟ್ಟಿದವಳು ಅವಳು. ಅವಳ ಅಪ್ಪನ ಕಾಲದಲ್ಲಿ ಊರೆಲ್ಲ ಸೇರಿ ದಡಕ್ಕೆ ರಂಪಣಿ ಬಲೆ ಎಳೆಯುತ್ತಿದ್ದರು. ದೊಡ್ಡ ಬೋಟುಗಳು ಬಂದ ಮೇಲೆ ಅದು ನಿಂತುಹೋಯಿತು. “ನನಗೆ ಕಡಲು ಅಂದರೆ ಕೆಲಸ,” ಎಂದು ಬರೆದಿದ್ದಳು. “ಬುಟ್ಟಿ ಹೊರುವುದು, ಮೀನು ಹೆಕ್ಕುವುದು, ಉಪ್ಪು ಹಾಕುವುದು. ಕಡಲಿನ ಎದುರು ಸುಮ್ಮನೆ ಕೂತದ್ದು ಒಂದು ದಿನವೂ ಇಲ್ಲ. ದೋಣಿ ಇಲ್ಲದ, ಬಲೆ ಇಲ್ಲದ, ಮೀನಿನ ವಾಸನೆ ಇಲ್ಲದ ಜಾಗ ಇದ್ದರೆ ನೋಡಿ. ಮರಳು ಬಿಳಿ ಇರಬೇಕು. ನಿಮ್ಮ ಹತ್ತಿರ ಸ್ವಲ್ಪ ಮಾತಾಡಲಿಕ್ಕೂ ಉಂಟು.”

ಆ ಕೊನೆಯ ಸಾಲನ್ನು ನಾನು ಓದಿದೆ, ಓದಿ ಮುಂದೆ ಹೋದೆ.

ಕಂಪೆನಿ ಬಸ್ಸಿನ ಡ್ರೈವರ್ ಇಸ್ಮಾಯಿಲ್ ಉಳ್ಳಾಲದ ಬ್ಯಾರಿ, ನನಗಿಂತ ಎರಡು ವರ್ಷ ಚಿಕ್ಕವನು. ದ್ವೀಪದ ಮೂಲೆಮೂಲೆ ಅವನಿಗೆ ಗೊತ್ತು. ಅವನ ಹತ್ತಿರ ಹಳೆಯ ಡಾಟ್ಸನ್ ಪಿಕಪ್ ಇತ್ತು. ಜನವರಿಯ ಚಳಿಯಲ್ಲಿ ನಾವಿಬ್ಬರೂ ಶುಕ್ರವಾರಗಳಲ್ಲಿ ಕಡಲು ಹುಡುಕುತ್ತಾ ಹೊರಟೆವು.

“ಕಡಲು ಎಲ್ಲ ಒಂದೇ ಅಲ್ವಾ ಶೇಖರಣ್ಣ, ಉಪ್ಪು ನೀರು” ಎಂದು ನಗುತ್ತಿದ್ದ. ಆದರೂ ಕರೆದುಕೊಂಡು ಹೋಗುತ್ತಿದ್ದ. ಬುದೈಯಾದಲ್ಲಿ ದೋಣಿಗಳ ಸಾಲು, ಅದು ಬೇಡವಾಯಿತು. ಪಶ್ಚಿಮದಲ್ಲಿ ಒಂದು ಕಡೆ ಸೌದಿಗೆ ಸೇತುವೆ ಕಟ್ಟುವ ಯಂತ್ರಗಳ ಗದ್ದಲ. ಒಂದು ಚಂದದ ದಂಡೆಗೆ ಹೋದರೆ ಕಾವಲುಗಾರ ಕೈಯಾಡಿಸಿ, ಇದು ಯಾವುದೋ ಕ್ಲಬ್ಬಿನವರದ್ದು, ನಡೆಯಿರಿ ಎಂದ. ಕೊನೆಗೆ ಮೂರು ಜಾಗ ಒಪ್ಪಿಗೆಯಾಯಿತು. ಉತ್ತರದಲ್ಲಿ ಖರ್ಜೂರದ ತೋಟದ ಬೆನ್ನಿಗೇ ಇದ್ದ ಸಣ್ಣ ದಂಡೆ. ಪಶ್ಚಿಮದಲ್ಲಿ ಜಲ್ಲಾಖ್ ದಾಟಿದ ಮೇಲೆ ಬೆಳ್ಳಗಿನ ಉದ್ದನೆಯ ದಂಡೆ. ಪೂರ್ವದಲ್ಲಿ ಅಸ್ಕರಿನಿಂದಾಚೆ ಒಂದು ಜಾಗ, ಅಲ್ಲಿ ನೀರಿನಲ್ಲಿ ಎಷ್ಟು ದೂರ ನಡೆದರೂ ಮೊಣಕಾಲು ದಾಟುವುದಿಲ್ಲ. ನಾನು ಪ್ಯಾಂಟು ಮಡಚಿ ನಡೆದು ನೋಡಿದೆ. ಹಿಂದಿರುಗಿ ನೋಡಿದರೆ ಇಸ್ಮಾಯಿಲ್ ಬೆರಳಿನಷ್ಟು ಕಾಣುತ್ತಿದ್ದ.

ಮೂರೂ ಕಡೆಯಿಂದ ಒಂದೊಂದು ಚಿಟಿಕೆ ಮರಳು ತಂದು, ಕಾಗದದಲ್ಲಿ ಪೊಟ್ಟಣ ಕಟ್ಟಿ, ಒಂದು, ಎರಡು, ಮೂರು ಎಂದು ಬರೆದು ಗಿರಿಜೆಗೆ ಅಂಚೆಯಲ್ಲಿ ಕಳಿಸಿದೆ. ಕ್ಯಾಂಪಿನಲ್ಲಿ ಎಲ್ಲರೂ ತಮಾಷೆ ಮಾಡಿದರು. ಅವಳು ಬರೆದಳು: “ಅಕ್ಕಿ ಕೇರುವ ತಡಪೆಯಲ್ಲಿ ಹಾಕಿ ಬಿಸಿಲಿಗೆ ಇಟ್ಟು ನೋಡಿದೆ. ಎರಡನೆಯದು ಚಂದ. ಮೊದಲು ಅಲ್ಲಿಗೆ ಹೋಗುವ. ಮೂರನೆಯದು ಸ್ವಲ್ಪ ದಪ್ಪ, ಆದರೆ ನಡೆಯಬಹುದು ಅಂದಿರಲ್ಲ, ಅದನ್ನು ಕೊನೆಗೆ ಇಡುವ.” ಏಳು ವರ್ಷದಲ್ಲಿ ಅವಳು ನನಗೆ ಬರೆದ ಪತ್ರಗಳಲ್ಲಿ ನಗು ಇದ್ದದ್ದು ಅದೊಂದರಲ್ಲಿ.

ಮಾರ್ಚಿನಲ್ಲಿ ಸುದ್ದಿ ಬಂತು. ಕೊಲ್ಲಿಯ ಆ ತುದಿಯಲ್ಲಿ ಎರಡು ದೇಶಗಳ ಯುದ್ಧ ನಡೆಯುತ್ತಲೇ ಇತ್ತು. ಅದರಲ್ಲಿ ಕಡಲ ನಡುವಿನ ಎಣ್ಣೆಬಾವಿಗಳು ಒಡೆದು ಎಣ್ಣೆ ನೀರಿಗೆ ಹರಿಯುತ್ತಿದೆ, ಗಾಳಿ ಅದನ್ನು ನಮ್ಮ ಕಡೆಗೆ ತಳ್ಳುತ್ತಿದೆ ಎಂದರು. ಮೊದಲು ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಫೋರ್‌ಮನ್ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ: ಸ್ಥಾವರ ಕಡಲ ನೀರನ್ನು ಎಳೆದುಕೊಳ್ಳುವ ಬಾಯಿಗೆ ಎಣ್ಣೆ ಹೊಕ್ಕರೆ ಅಷ್ಟೂ ಯಂತ್ರ ಹಾಳು, ಊರಿಗೆ ಕುಡಿಯುವ ನೀರಿಲ್ಲ. ತೇಲುವ ಬೇಲಿಗಳನ್ನು ಹಾಕಿದೆವು. ಜಾಲರಿ ತೊಳೆಯುವ ಗುಂಪಿಗೆ ನನ್ನನ್ನು ಹಾಕಿದರು. ಊರಿಗೆ ಹೋಗುವ ರಜೆಗಳೆಲ್ಲ ರದ್ದು, ಕರೆದರೆ ಶುಕ್ರವಾರವೂ ಬರಬೇಕು ಎಂದು ಗೋಡೆಗೆ ಚೀಟಿ ಅಂಟಿಸಿದರು.

ಅಂದೇ ನಾನು ಗಿರಿಜೆಗೆ ತಂತಿ ಕೊಡಬಹುದಿತ್ತು. ಬರಬೇಡ, ಇಲ್ಲಿ ಹೀಗಾಗಿದೆ, ಚಳಿಗಾಲಕ್ಕೆ ನೋಡುವ ಎನ್ನಬಹುದಿತ್ತು. ವೀಸಾ ಆಗಿತ್ತು, ಟಿಕೆಟ್ ಆಗಿತ್ತು. ಹತ್ತು ಜನರಿಗೆ ಹೇಳಿಯೂ ಆಗಿತ್ತು. ಎಣ್ಣೆ ಬರುವುದಿಲ್ಲ, ಬಂದರೂ ನನ್ನ ಮೂರು ಜಾಗಗಳಿಗೆ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ವಿಮಾನದಿಂದ ಇಳಿದು ಬಂದವಳನ್ನು ಕಂಡು ನಾನು ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಅಷ್ಟು ಬಡವಾಗಿದ್ದಳು. “ಎಂತ, ಸೌಖ್ಯ ಇಲ್ವಾ?” ಎಂದು ಕೇಳಿದೆ. “ಸೌಖ್ಯವೇ. ಬಸ್ಸಲ್ಲಿ ಬೊಂಬಾಯಿವರೆಗೆ ಕೂತು ಹೀಗೆ” ಎಂದಳು. ನಾವು ಮಾತಾಡುವುದು ತುಳುವಿನಲ್ಲಿ. ಎಷ್ಟೋ ದಿನಗಳ ಮೇಲೆ ಹೆಣ್ಣು ದನಿಯಲ್ಲಿ ನನ್ನ ಭಾಷೆ ಕೇಳಿದೆ.

ಲೀಲಕ್ಕ ಒಳ್ಳೆಯ ಹೆಂಗಸು. ಕೋಣೆಗೆ ಹೊಸ ಪರದೆ ಹಾಕಿದ್ದಳು. ಮರುದಿನವೇ ಗಿರಿಜೆಯನ್ನು ಮೀನಿನ ಮಾರುಕಟ್ಟೆಗೆ ಕರೆದುಕೊಂಡು ಹೋದಳಂತೆ. ಅಲ್ಲಿ ಕಟ್ಟೆಗಳೆಲ್ಲ ಖಾಲಿ. ಎಣ್ಣೆಯ ಹೆದರಿಕೆಗೆ ಮೀನು ಹಿಡಿಯುವವರೂ ಇಲ್ಲ, ತಿನ್ನುವವರೂ ಇಲ್ಲ. ಸಂಜೆ ನಾನು ಬಂದಾಗ ಗಿರಿಜೆ ಫ್ರಿಜ್ಜಿನ ಗಟ್ಟಿ ಕೋಳಿಯನ್ನು ನೀರಿನಲ್ಲಿ ಮುಳುಗಿಸಿಟ್ಟು ಕೂತಿದ್ದಳು. “ಮೀನಿನ ವಾಸನೆ ಇಲ್ಲದ ಜಾಗ ಕೇಳಿದ್ದೆ. ನೀವು ಊರಿಗೆ ಊರನ್ನೇ ಹಾಗೆ ಮಾಡಿಸಿಟ್ಟಿದ್ದೀರಿ” ಎಂದು ನಕ್ಕಳು. ಆಮೇಲೆ ಕೇಳಿದಳು: “ಎಣ್ಣೆ ಬಂದ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?”

“ಇಷ್ಟು ಆಗ್ತದೆ ಅಂತ ಗೊತ್ತಿರ್ಲಿಲ್ಲ” ಎಂದೆ.

ಮೊದಲ ಶುಕ್ರವಾರ ಎರಡನೆಯ ಪೊಟ್ಟಣದ ದಂಡೆಗೆ ಹೋದೆವು. ಇಸ್ಮಾಯಿಲನೇ ಪಿಕಪ್ ತಂದ. ಲೀಲಕ್ಕ ಇಡ್ಲಿ ಕಟ್ಟಿಕೊಟ್ಟಿದ್ದಳು. ಗಿರಿಜೆ ನೀಲಿ ಹೂವಿನ ಸೀರೆ ಉಟ್ಟಿದ್ದಳು. ದೂರದಿಂದ ಎಲ್ಲ ಚಂದವೇ ಇತ್ತು: ಬಿಳಿ ಮರಳು, ನಿಂತ ಗಾಜಿನಂಥ ನೀರು, ಒಂದು ದೋಣಿಯೂ ಇಲ್ಲ. ಹತ್ತಿರ ಹೋದಾಗ ತೆರೆ ಬಂದು ನಿಲ್ಲುವ ಉದ್ದಕ್ಕೂ ಕಪ್ಪು ಗೀರು ಕಂಡಿತು. ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಗಿರಿಜೆ ಚಪ್ಪಲಿ ಬಿಚ್ಚಿ ನಡೆದಳು. ಹತ್ತು ಹೆಜ್ಜೆ ಇಟ್ಟು ನಿಂತು ಅಂಗಾಲು ತಿರುಗಿಸಿ ನೋಡಿಕೊಂಡಳು.

“ಇವತ್ತು ಸ್ವಲ್ಪ ಬಂದಿದೆ. ಬರುವ ವಾರಕ್ಕೆ ಹೋಗ್ತದೆ” ಎಂದೆ.

“ಹೋಗ್ತದಾ?”

“ಹೋಗ್ತದೆ.”

ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ದಿನಕ್ಕೆ ಹನ್ನೆರಡು ಗಂಟೆ ನಾನು ಅದನ್ನೇ ಜಾಲರಿಯಿಂದ ಕೆರೆದು ತೆಗೆಯುತ್ತಿದ್ದೆ. ನಾವು ಪಿಕಪ್ಪಿನ ಹಿಂಭಾಗದಲ್ಲಿ ಕೂತು, ಕಡಲಿಗೆ ಬೆನ್ನು ಹಾಕಿ ಇಡ್ಲಿ ತಿಂದೆವು. ಇಸ್ಮಾಯಿಲ್ ಕೊನೆಗೆ, “ಅಕ್ಕ, ಬೇಜಾರು ಮಾಡ್ಬೇಡಿ. ಇನ್ನೂ ಎರಡು ಉಂಟಲ್ಲ” ಎಂದ. ಗಿರಿಜೆ ಏನೋ ಹೇಳಲಿಕ್ಕೆ ನನ್ನ ಕಡೆ ತಿರುಗಿದಳು. ಇಸ್ಮಾಯಿಲ್ ಇದ್ದದ್ದಕ್ಕೋ ಏನೋ, ಹೇಳಲಿಲ್ಲ.

ಎರಡನೆಯ ಶುಕ್ರವಾರ ಬೆಳಿಗ್ಗೆಯೇ ಕಂಪೆನಿಯಿಂದ ಕರೆ ಬಂತು. ಬೇಲಿ ಒಂದು ಕಡೆ ಹರಿದಿತ್ತು. ಆ ವಾರವಿಡೀ ನಾನು ಮನೆಗೆ ಬಂದದ್ದು ಮೈಯೆಲ್ಲ ಕಪ್ಪು ಮಾಡಿಕೊಂಡು. ಬಂದವನು ಉಂಡು ಬಿದ್ದುಕೊಳ್ಳುತ್ತಿದ್ದೆ. ಗಿರಿಜೆ ಬಟ್ಟೆಗಳನ್ನು ಸೋಪಿನಲ್ಲಿ, ಸೀಮೆಎಣ್ಣೆಯಲ್ಲಿ, ಮತ್ತೆ ಸೋಪಿನಲ್ಲಿ ಒಗೆಯುತ್ತಿದ್ದಳು. ಹೋಗುತ್ತಿರಲಿಲ್ಲ. ಲೀಲಕ್ಕ ಒಮ್ಮೆ ನನ್ನನ್ನು ಬಾಲ್ಕನಿಗೆ ಕರೆದು, “ಶೇಖರ, ಅವಳು ಹಗಲಿಡೀ ಕಿಟಕಿ ಹತ್ರ ಕೂತಿರ್ತಾಳೆ. ಏನೋ ಉಂಟು ಅವಳ ಮನಸ್ಸಲ್ಲಿ. ಒಂದು ಸಲ ಕೇಳು” ಎಂದಳು. ಕೇಳುತ್ತೇನೆ ಎಂದೆ. ಶುಕ್ರವಾರ ಕಡಲ ಹತ್ತಿರ ಕೂತು ನಿಧಾನವಾಗಿ ಕೇಳುವ ಎಂದುಕೊಂಡೆ.

ಮೂರನೆಯ ಶುಕ್ರವಾರ ಖರ್ಜೂರದ ತೋಟದ ದಂಡೆಗೆ ಹೋದೆವು. ಗಾಡಿ ನಿಲ್ಲುವ ಮೊದಲೇ ನಾತ ಬಂತು. ಇಸ್ಮಾಯಿಲ್ ಮೂಗಿಗೆ ಬಟ್ಟೆ ಹಿಡಿದು, “ಬೇಡ ಶೇಖರಣ್ಣ, ತಿರುಗಿಸುವ” ಎಂದ. ಅಷ್ಟರಲ್ಲಿ ಗಿರಿಜೆ ಇಳಿದು ನಡೆದಾಗಿತ್ತು. ನಾನು ಹಿಂದೆ ಓಡಿದೆ. ದಂಡೆಯಲ್ಲಿ ಆಮೆಗಳು ಸತ್ತು ಬಿದ್ದಿದ್ದವು. ಅವುಗಳಾಚೆ ಎಮ್ಮೆಯ ಕರುವಿನಷ್ಟು ದೊಡ್ಡ ಒಂದು ಪ್ರಾಣಿ. ಕಡಲ ಹಸು ಎನ್ನುತ್ತಾರಲ್ಲ, ಹುಲ್ಲು ತಿಂದು ಬದುಕುವುದು, ಅದು. ಕಣ್ಣು ಮೂಗಿಗೆಲ್ಲ ಡಾಂಬರು ಮೆತ್ತಿತ್ತು. ನಾನು ಅದನ್ನು ಜೀವಂತ ನೋಡಿದವನಲ್ಲ. ಗಿರಿಜೆ ಅದರ ಎದುರು ತುಂಬ ಹೊತ್ತು ನಿಂತಳು. ಅಳಲಿಲ್ಲ. ಆಮೇಲೆ ತೋಟದ ಬದಿಯಿಂದ ಎರಡು ಒಣಗಿದ ಖರ್ಜೂರದ ಗರಿ ಎಳೆದು ತಂದು ಅದರ ಮುಖದ ಮೇಲೆ ಹಾಕಿದಳು.

“ಹೋಗುವ” ಎಂದಳು.

ಮನೆಯಲ್ಲಿ ಲೀಲಕ್ಕನವರು ಇರಲಿಲ್ಲ. ಗುಫೂಲಿನಲ್ಲಿ ಯಾರದೋ ಮನೆಗೆ ಊಟಕ್ಕೆ ಹೋಗಿದ್ದರು. ಗಿರಿಜೆ ಅಡುಗೆಮನೆಯ ನೆಲದಲ್ಲಿ ಹಳೆಯ ಪೇಪರು ಹಾಸಿ ನನ್ನನ್ನು ಕೂರಿಸಿದಳು. ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ನನ್ನ ಕಾಲು ಉಜ್ಜತೊಡಗಿದಳು. ನಾನು ಬೇಡ ಎಂದರೂ ಬಿಡಲಿಲ್ಲ. ತಲೆ ಎತ್ತದೆ ಮಾತು ಶುರು ಮಾಡಿದಳು.

“ಕಡಲ ಹತ್ತಿರ ಕೂತು ಹೇಳುವ ಅಂತ ಇದ್ದೆ. ಇನ್ನು ಕಾಯುವುದಿಲ್ಲ. ಕಳೆದ ಸಲ ನೀವು ರಜೆ ಮುಗಿಸಿ ಬಂದ ಮೇಲೆ ನಾನು ಬಸುರಿ ಇದ್ದೆ.”

ನಾನು ಕಾಲು ಹಿಂದೆಳೆದುಕೊಂಡೆ. ಅವಳು ಮತ್ತೆ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಆರನೆಯ ತಿಂಗಳಲ್ಲಿ ಹೋಯ್ತು. ಹೆಣ್ಣು. ನನಗೂ ಹೆಚ್ಚುಕಮ್ಮಿ ಆಗಿ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದೆ. ಇನ್ನು ಮಕ್ಕಳಾಗುವುದು ಕಷ್ಟ ಅಂತ ಡಾಕ್ಟ್ರು ಹೇಳಿದ್ದಾರೆ.”

“ಯಾರೂ ನನಗೆ ಬರೀಲಿಲ್ಲ! ಬಸುರಿ ಅಂತಲೂ ಬರೀಲಿಲ್ಲ!”

“ಐದು ತಿಂಗಳಾದ ಮೇಲೆ ಬರೆಯುವ ಅಂತ ಅತ್ತೆ ಹೇಳಿದ್ರು, ದೃಷ್ಟಿಯಾಗ್ತದೆ ಅಂತ. ಆಮೇಲೆ ಹೀಗಾಯ್ತು. ಅವನು ಅಲ್ಲಿ ಒಬ್ಬನೇ ಇರುವವನು, ಬರೆದು ತಲೆಬಿಸಿ ಮಾಡಬೇಡ ಅಂದ್ರು.”

“ನೀನು? ನೀನಾದ್ರೂ ಬರೀಬಹುದಿತ್ತಲ್ಲ ಗಿರಿಜಾ?”

ಆಗ ಅವಳು ತಲೆ ಎತ್ತಿದಳು. “ಬರೆದಿದ್ರೆ ನೀವು ಬರ್ತೀರೋ ಇಲ್ವೋ ಅಂತ ಗೊತ್ತಾಗಿಬಿಡ್ತಿತ್ತು. ಅದು ಗೊತ್ತಾಗುವುದು ನನಗೆ ಬೇಡ ಇತ್ತು.”

ಹೊರಗೆ ಯಾರದೋ ಮನೆಯ ರೇಡಿಯೋದಲ್ಲಿ ಅರಬಿ ಹಾಡು ಬರುತ್ತಿತ್ತು. ಅವಳು ಬಟ್ಟೆಯನ್ನು ಹಿಂಡಿ ಇನ್ನೊಂದು ಕಾಲು ತೆಗೆದುಕೊಂಡಳು.

“ಈಗ ಕೇಳ್ತೇನೆ. ಬಂದುಬಿಡಿ ಊರಿಗೆ. ನನ್ನ ಜೊತೆಯೇ ಬರಬೇಕು ಅಂತ ಇಲ್ಲ, ಒಂದು ತಿಂಗಳು ಬಿಟ್ಟು ಬನ್ನಿ, ಎರಡು ತಿಂಗಳು ಬಿಟ್ಟು ಬನ್ನಿ. ಪಂಪ್ ರಿಪೇರಿ ಊರಲ್ಲೂ ಉಂಟು. ಮಕ್ಕಳಿಲ್ಲದಿದ್ರೆ ಇಲ್ಲ. ನಾವಿಬ್ರಾದ್ರೂ ಇರುವ.”

ಆಗ ನಾನು ಹೂಂ ಎನ್ನಬೇಕಿತ್ತು. ಆ ಒಂದು ಅಕ್ಷರಕ್ಕೆ ಅವಳು ಕಡಲು ದಾಟಿ ಬಂದಿದ್ದಳು. ನಾನು ಹೇಳಿದ್ದು ಬೇರೆ. ಚಿಕ್ಕ ತಂಗಿಯ ಮದುವೆ ಆಗಬೇಕು ಎಂದೆ. ಮನೆಯ ಮಾಡು ಅರ್ಧಕ್ಕೆ ನಿಂತಿದೆ ಎಂದೆ. ಒಪ್ಪಂದ ಮುಗಿಯಲಿಕ್ಕೆ ಇನ್ನು ಎರಡೇ ವರ್ಷ, ಮಧ್ಯದಲ್ಲಿ ಬಿಟ್ಟರೆ ಮತ್ತೆ ಯಾರೂ ಕರೆಯುವುದಿಲ್ಲ ಎಂದೆ. ಒಂದೂ ಸುಳ್ಳಲ್ಲ. ಸತ್ತುಹೋದ ನನ್ನ ಮಗಳ ಬಗ್ಗೆ ಅವಳು ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ, ನಾನು ಹಂಚಿನ ಮಾಡಿನ ವಿಷಯ ಮಾತಾಡುತ್ತಿದ್ದೆ.

“ಆಯ್ತು” ಎಂದಳು. ನನ್ನ ಪಾದವನ್ನು ನೆಲದ ಮೇಲೆ ಮೆಲ್ಲನೆ ಇಟ್ಟು, ಪೇಪರು ಮಡಚಿ, ಕೈ ತೊಳೆಯಲಿಕ್ಕೆ ಎದ್ದಳು.

ಮಗುವಿನ ಬಗ್ಗೆ ನಾನು ಏನಾದರೂ ಕೇಳಿದೆನೇ? ಯಾರ ಹಾಗಿತ್ತು, ಎಲ್ಲಿ ಹೂತರು? ಇಲ್ಲ. ಆಮೇಲೆ ಎಷ್ಟೋ ವರ್ಷ ಕೇಳಬೇಕೆಂದುಕೊಂಡೆ.

ಉಳಿದ ಎಂಟು ದಿನ ಅವಳು ಚೆನ್ನಾಗಿಯೇ ಇದ್ದಳು. ಲೀಲಕ್ಕನಿಗೆ ನೀರುದೋಸೆ ಎರೆದು ಕೊಟ್ಟಳು. ನನ್ನ ಅಂಗಿಗಳಿಗೆ ಗುಂಡಿ ಹೊಲಿದಳು. ನಾಲ್ಕನೆಯ ಶುಕ್ರವಾರ ಅಸ್ಕರಿನ ಕಡೆಗೆ, ಮೂರನೆಯ ಪೊಟ್ಟಣದ ದಂಡೆಗೆ ಹೋಗುವುದಿತ್ತು. ಅಲ್ಲಿಗೆ ಅಷ್ಟು ಎಣ್ಣೆ ಬಂದಿಲ್ಲವೆಂದು ಇಸ್ಮಾಯಿಲ್ ಹೋಗಿ ನೋಡಿಕೊಂಡೂ ಬಂದಿದ್ದ. ಗುರುವಾರ ಸಂಜೆ ಫೋರ್‌ಮನ್ ಬಂದು ನಾಳೆ ಎಲ್ಲರೂ ಡ್ಯೂಟಿಗೆ ಬರಬೇಕೆಂದ. ಇಸ್ಮಾಯಿಲ್ ರೇಗಿದ. “ಖಲ್ಲಿವಲ್ಲಿ ಶೇಖರಣ್ಣ! ಬಿಟ್ಟುಹಾಕಿ. ಒಂದು ದಿನ ಹೊಟ್ಟೆನೋವು ಅಂತ ಹೇಳಿ, ನಾನು ನೋಡಿಕೊಳ್ತೇನೆ.” ನಾನು ಡ್ಯೂಟಿಗೆ ಹೋದೆ. ಲೀಲಕ್ಕ ತಾನು ಕರೆದುಕೊಂಡು ಹೋಗುತ್ತೇನೆಂದರೆ ಗಿರಿಜೆ, “ಬೇಡ ಲೀಲಕ್ಕ, ನಾನು ಕಡಲು ನೋಡದವಳಾ?” ಎಂದಳಂತೆ.

ಶನಿವಾರ ಸಂಜೆ ಅವಳ ವಿಮಾನ. ಬೆಳಿಗ್ಗೆ ಹೊರಡುವಾಗ, ಸಾಧ್ಯವಾದರೆ ಎರಡು ಗಂಟೆ ಬಿಡಿಸಿಕೊಂಡು ನಿಲ್ದಾಣಕ್ಕೆ ಬರುತ್ತೇನೆ ಎಂದೆ. “ಬನ್ನಿ, ಆಗದಿದ್ರೆ ಬೇಡ” ಎಂದಳು. ಬಾಗಿಲಲ್ಲಿ ನಿಂತು ನನ್ನ ಕಾಲರಿನ ಮಡಿಕೆ ಸರಿ ಮಾಡಿದಳು. ಕಂಪೆನಿಯನ್ನು ದೂರುವುದು ಸುಲಭ. ನಿಜ ಏನೆಂದರೆ ಆ ದಿನ ನಾನು ಫೋರ್‌ಮನ್‌ನ ಹತ್ತಿರ ಕೇಳಲೇ ಇಲ್ಲ. ಕೇಳಿದ್ದರೆ ಬಿಡುತ್ತಿದ್ದನೋ ಏನೋ. ನಿಲ್ದಾಣದಲ್ಲಿ ಅವಳು ಇನ್ನೊಮ್ಮೆ ಕೇಳಿದರೆ ಏನು ಹೇಳುವುದೆಂದು ನನಗೆ ಹೆದರಿಕೆಯಾಗಿತ್ತು.

ಸಂಜೆ ನೀರಿನ ಬಾಯಿಯ ಕಟ್ಟೆಯ ಮೇಲೆ ನಿಂತು ಜಾಲರಿ ಕೆರೆಯುತ್ತಿದ್ದೆ. ಸಿತ್ರಾದಿಂದ ಮುಹರಕ್ಕಿನ ನಿಲ್ದಾಣದಿಂದ ವಿಮಾನಗಳು ಏಳುವುದು ಕಾಣುತ್ತದೆ. ಅವಳ ಹೊತ್ತಿನ ಆಸುಪಾಸಿನಲ್ಲಿ ಮೂರು ಎದ್ದವು. ಯಾವುದು ಬೊಂಬಾಯಿಗೆ ಹೋಗುವುದೆಂದು ತಿಳಿಯಲಿಲ್ಲ. ಮೂರಕ್ಕೂ ಕೆಲಸ ನಿಲ್ಲಿಸಿ, ಮರೆಯಾಗುವ ತನಕ ನೋಡಿದೆ.

ಆಮೇಲೆ ಪತ್ರಗಳು ಬಂದವು, ಚಿಕ್ಕ ಪತ್ರಗಳು. ಮಳೆ ಬಂತು, ಅತ್ತೆಯ ಮಂಡಿನೋವು ಹಾಗೆಯೇ ಇದೆ, ತಂಗಿಗೆ ಗಂಡು ನೋಡಿ ಹೋದರು. ತಂಗಿಯ ಮದುವೆಯ ಎಲ್ಲ ಕೆಲಸ ಅವಳೇ ನಿಂತು ಮಾಡಿದಳಂತೆ. ಮದುವೆ ಮುಗಿದ ವಾರ, ತವರಿಗೆ ಹೋಗಿ ಬರುತ್ತೇನೆಂದು ಅಮ್ಮನಿಗೆ ಹೇಳಿ ಹೋದವಳು ಹಿಂದೆ ಬರಲಿಲ್ಲ. ಜಗಳವಿಲ್ಲ, ದೂರಿಲ್ಲ. ಕೇಳಿದವರಿಗೆ, ಅಪ್ಪನಿಗೆ ಅಡುಗೆ ಮಾಡುವವರಿಲ್ಲ ಎನ್ನುತ್ತಿದ್ದಳಂತೆ.

ನಡುವಿನ ರಜೆಯನ್ನೂ ಬಿಟ್ಟು, ಎರಡು ವರ್ಷ ಮುಗಿಸಿ ಊರಿಗೆ ಬಂದ ಮೂರನೆಯ ದಿನ ಹೆಜಮಾಡಿಗೆ ಹೋದೆ. ಅವಳು ಅಂಗಳದಲ್ಲಿ ಚಾಪೆ ಹಾಸಿ ಒಣಮೀನು ಹರಡುತ್ತಿದ್ದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು, ಆರೋಗ್ಯವಾಗಿದ್ದಳು. ನನ್ನನ್ನು ಕಂಡು ಕೈ ತೊಳೆದುಕೊಂಡು ಬಂದು, “ಯಾವಾಗ ಬಂದದ್ದು? ಕೂತುಕೊಳ್ಳಿ” ಎಂದಳು. ನೀರು ಬೆಲ್ಲ ತಂದಿಟ್ಟಳು. ಅವಳ ಅಪ್ಪ ಏನೋ ನೆಪ ಹೇಳಿ ಹೊರಗೆ ಹೋದರು.

ಬಸ್ಸಿನಲ್ಲಿ ಬರುತ್ತಾ ನಾನು ಮಾತುಗಳನ್ನು ಜೋಡಿಸಿಕೊಂಡಿದ್ದೆ. “ಕಂಪೆನಿಯವರು ಮತ್ತೆ ಕರೆದಿದ್ದಾರೆ. ಸಹಿ ಹಾಕಿಲ್ಲ. ನೀನು ಹೇಳಿದ್ರೆ ಹೋಗುವುದಿಲ್ಲ. ಇಲ್ಲೇ ಇರುವ” ಎಂದೆ.

ಅವಳು ಜಗಲಿಯ ಕಂಬಕ್ಕೆ ಒರಗಿ ನಿಂತಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಇದ್ದಿದ್ದರೆ ನನಗೆ ಧೈರ್ಯ ಬರುತ್ತಿತ್ತು.

“ಈಗ ನಾನು ಹೇಳುವುದು ಎಂತದು ಉಂಟು? ಒಬ್ಬಳೇ ಇರ್ಲಿಕ್ಕೆ ಕಲಿಯುವುದು ತುಂಬ ಕಷ್ಟ ಆಯ್ತು ನನಗೆ. ಈಗ ಬಂತು. ಅದನ್ನು ಬಿಟ್ಟು ಇನ್ನೊಂದು ಕಲಿಯುವ ಶಕ್ತಿ ಇಲ್ಲ. ನೀವು ಹೋಗಿ ಬನ್ನಿ.”

“ಗಿರಿಜಾ...”

“ಊಟ ಮಾಡಿಯೇ ಹೋಗ್ಬೇಕು. ಬಂಗುಡೆ ಉಂಟು, ಬೆಳಿಗ್ಗೆಯದ್ದೇ.”

ಊಟ ಬಡಿಸಿದಳು. ಎರಡನೆಯ ಸಲ ಅನ್ನ ಹಾಕುವಾಗ ನಾನು ಬೇಡವೆನ್ನಲಿಲ್ಲ. ಕೈ ತೊಳೆಯಲಿಕ್ಕೆ ನೀರು ಹೊಯ್ದು, ಬೈರಾಸು ಕೊಟ್ಟು, ಒಳಗೆ ಗಡಿಯಾರ ನೋಡಿ ಬಂದಳು.

“ಮೂರೂಕಾಲಿಗೆ ಒಂದು ಬಸ್ಸುಂಟು. ಅದು ತಪ್ಪಿದ್ರೆ ಮತ್ತೆ ಐದಕ್ಕೇ” ಎಂದಳು.

ನಾನು ಮೂರೂಕಾಲಿನ ಬಸ್ಸಿಗೆ ಹೊರಟೆ.